ಚಿಕ್ಕ ದೋಣಿಯಲ್ಲಿ ಮನೆಮಂದಿಯೊಂದಿಗೆ ಅಂಜಲ್ ಹಿಡಿಯಲು ಹೋಗುವ ಮುನ್ನ

ನಿಮ್ಮ ಬಳಿ 18 ಅಡಿ ಉದ್ದದ, ಒಂದೇ ಔಟ್‌ಬೋರ್ಡ್ ಎಂಜಿನ್ ಇರುವ ದೋಣಿಯಿದೆ. ಪತ್ನಿಯನ್ನೂ 9 ಮತ್ತು 12 ವರ್ಷದ ಇಬ್ಬರು ಮಕ್ಕಳನ್ನೂ ಕರೆದುಕೊಂಡು ದಡದಿಂದ ಏಳೆಂಟು ಕಿಲೋಮೀಟರ್ ಆಚೆಗೆ ಅಂಜಲ್ ಮೀನು ಹಿಡಿಯಲು ಹೋಗಬಹುದೇ, ಮಕ್ಕಳ ಕೈಗೆ ಗಾಳದ ಕೋಲು ಕೊಡಬಹುದೇ ಎಂದು ಕೇಳಿದ್ದೀರಿ. ಹೋಗಬಹುದು, ಕೊಡಲೂಬಹುದು. ಆದರೆ ಯಾವ ಎರೆ, ಯಾವ ರೀಲ್ ಎಂದು ಯೋಚಿಸುವುದಕ್ಕೂ ಮೊದಲು, ಮೀನು ಕಚ್ಚಿದ ಆ ಒಂದು ನಿಮಿಷದಲ್ಲಿ ನಾಲ್ವರಲ್ಲಿ ಯಾರು ಎಲ್ಲಿರಬೇಕು, ಯಾರು ಏನು ಮಾಡಬೇಕು ಎಂಬುದನ್ನು ನೀವು ತೀರ್ಮಾನಿಸಿಕೊಂಡಿರಬೇಕು.

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ಪತ್ನಿ ಮತ್ತು ಮಗಳೊಂದಿಗೆ ಮೊದಲ ಬಾರಿ ಹೋದಾಗ ಒಂದೂವರೆ ಗಂಟೆ ಏನೂ ಸಿಗದೆ ಮೂವರೂ ಮಂಕಾಗಿ ಕುಳಿತಿದ್ದೆವು. ಇದ್ದಕ್ಕಿದ್ದಂತೆ ಬಲಬದಿಯ ಕೋಲು ಬಿಲ್ಲಿನಂತೆ ಬಾಗಿ ರೀಲ್ ಕಿರುಚತೊಡಗಿತು. ನಾನು ಎಂಜಿನ್ ಬಿಟ್ಟು ಕೋಲಿನತ್ತ ಹಾರಿದೆ, ಪತ್ನಿ ಮೀನು ನೋಡಲು ಅತ್ತಲೇ ಬಂದಳು, ಮಗಳು ನಮ್ಮಿಬ್ಬರ ನಡುವೆ ನುಗ್ಗಿದಳು. ಮೂವರ ಭಾರವೂ ಒಂದೇ ಬದಿಗೆ ಬಿದ್ದು ದೋಣಿ ವಾಲಿತು. ಅದೇ ಹೊತ್ತಿಗೆ ಬಂದ ಒಂದು ತೆರೆ ಅಂಚನ್ನು ದಾಟಿ ಒಳಗೆ ಸುರಿಯಿತು. ನೀರು ಪಾದ ಮುಚ್ಚುವಷ್ಟೇ ಇತ್ತು, ಯಾರಿಗೂ ಏನೂ ಆಗಲಿಲ್ಲ. ಆದರೂ ಮಗಳ ಮುಖದಲ್ಲಿ ಅಂದು ಕಂಡ ಗಾಬರಿಯನ್ನು ನಾನು ಮರೆತಿಲ್ಲ. ಅಂದಿನಿಂದ ಪ್ರತಿ ಹಂಗಾಮಿನ ಆರಂಭದಲ್ಲಿ ನಾವು ಶಾಂತ ನೀರಿನಲ್ಲಿ, ಮೀನಿಲ್ಲದೆಯೇ ಈ ಒಂದು ನಿಮಿಷದ ಅಭ್ಯಾಸ ಮಾಡುತ್ತೇವೆ. ನಾನು ‘ಮೀನು’ ಎಂದು ಕೂಗಿದರೆ ಕೋಲಿನ ಸರದಿ ಇರುವವರು ಮಾತ್ರ ಏಳಬೇಕು, ಇನ್ನೊಬ್ಬರು ಉಳಿದ ದಾರವನ್ನು ಸುತ್ತಿಕೊಳ್ಳಬೇಕು, ಮೂರನೆಯವರು ಎದುರು ಬದಿಯಲ್ಲಿ ಕುಳಿತೇ ಇರಬೇಕು. ನಿಮ್ಮ ಮಕ್ಕಳಿಗೂ ಇದನ್ನು ಆಟದಂತೆ ನಾಲ್ಕೈದು ಸಲ ಮಾಡಿಸಿ. ಮಕ್ಕಳು ಇಂಥ ನಿಯಮವನ್ನು ದೊಡ್ಡವರಿಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಆ ನಿಮಿಷ ಅಷ್ಟು ಗಡಿಬಿಡಿಯದ್ದಾಗುವುದಕ್ಕೆ ಮೀನಿನ ಸ್ವಭಾವವೇ ಕಾರಣ. ಅಂಜಲ್ ಬಂಗುಡೆಯ ಕುಟುಂಬಕ್ಕೆ ಸೇರಿದ್ದು. ಅದರ ಮೈಯೆಲ್ಲ ಸ್ನಾಯು, ಅದಕ್ಕೆ ಗಾಳಿಚೀಲವೂ ಇಲ್ಲ, ನೀರಿನಲ್ಲಿ ಮೇಲಕ್ಕೂ ಕೆಳಕ್ಕೂ ಕ್ಷಣಮಾತ್ರದಲ್ಲಿ ನುಗ್ಗಬಲ್ಲದು. ಗಾಳ ತಾಗಿದೊಡನೆ ಅದು ನೂರು ಮೀಟರ್‌ಗೂ ಹೆಚ್ಚು ದಾರವನ್ನು ಒಂದೇ ಓಟದಲ್ಲಿ ಎಳೆದುಕೊಂಡು ಹೋಗುವುದುಂಟು. ಹೊಸಬರು ಇಲ್ಲಿಯೇ ಸೋಲುತ್ತಾರೆ: ದಾರ ಖಾಲಿಯಾಗುತ್ತಿದೆ ಎಂದು ಹೆದರಿ ರೀಲ್‌ನ ಡ್ರ್ಯಾಗ್, ಅಂದರೆ ದಾರ ಹೊರಹೋಗುವುದನ್ನು ತಡೆಯುವ ಬಿರಿಯನ್ನು, ಬಿಗಿಮಾಡುತ್ತಾರೆ, ಚಿಕ್ಕ ಗಾಳ ಮೀನಿನ ಬಾಯಿಯ ಮಾಂಸವನ್ನು ಹರಿದು ಕಳಚಿಕೊಳ್ಳುತ್ತದೆ. 10ರಿಂದ 15 ಕಿಲೋ ತಡೆಯುವ ದಾರವನ್ನು 300 ಮೀಟರ್‌ನಷ್ಟು ಸುತ್ತಿಟ್ಟುಕೊಂಡು, ಡ್ರ್ಯಾಗನ್ನು ಆ ದಾರ ತಡೆಯುವ ಭಾರದ ಕಾಲುಭಾಗಕ್ಕಿಂತ ಹೆಚ್ಚಿಸದೆ, ಜೀವಂತ ಎರೆಯಾದರೆ (ಗಾಳಕ್ಕೆ ಸಿಕ್ಕಿಸಿದ ಚಿಕ್ಕ ಮೀನು) ಇನ್ನೂ ಸಡಿಲವಾಗಿ ಇಟ್ಟು, ಮೀನು ಓಡುವಷ್ಟು ಹೊತ್ತು ಕೋಲನ್ನು ಎತ್ತಿ ಹಿಡಿದು ಸುಮ್ಮನಿರಬೇಕು. ಓಟ ನಿಂತ ಮೇಲೆಯೇ ನಿಮ್ಮ ಸರದಿ.

ಹಲ್ಲುಗಳ ವಿಷಯವನ್ನು ಮಕ್ಕಳಿಗೆ ಮೊದಲೇ ತೋರಿಸಿ ಹೇಳಿ. ಅಂಜಲಿನ ದವಡೆಯಲ್ಲಿ ಚಪ್ಪಟೆಯಾದ, ತ್ರಿಕೋನಾಕಾರದ ಹಲ್ಲುಗಳ ಸಾಲಿದೆ. ನೈಲಾನ್ ದಾರ ಅವಕ್ಕೆ ಒಂದು ಲೆಕ್ಕವೇ ಅಲ್ಲ, ಆದ್ದರಿಂದ ಗಾಳದ ಮುಂದೆ 40–50 ಸೆಂಟಿಮೀಟರ್ ಸಪೂರ ಉಕ್ಕಿನ ತಂತಿ ಇರಲೇಬೇಕು. ಒಮ್ಮೆ ನಾನು ಮೇಲೆಳೆದ ಎರೆಯಲ್ಲಿ ತಲೆಯಷ್ಟೇ ಉಳಿದಿತ್ತು. ಕಿವಿರಿನ ಹಿಂದೆ, ಹರಿತವಾದ ಚೂರಿಯಿಂದ ಒಂದೇ ಏಟಿಗೆ ಕಡಿದಂತೆ, ಒಂದು ನೂಲಿನಷ್ಟೂ ಹರಿಯದೆ ತುಂಡಾಗಿತ್ತು. ಅಂಜಲ್ ಹೆಚ್ಚಾಗಿ ಎರೆಯ ಬಾಲದ ಕಡೆಯಿಂದಲೇ ಕತ್ತರಿಸುತ್ತದೆ. ಹೀಗಾಗಿ ಒಂದು ಗಾಳವನ್ನು ಎರೆಮೀನಿನ ಮೂತಿಗೂ, ತಂತಿಯಿಂದ ಜೋಡಿಸಿದ ಇನ್ನೊಂದನ್ನು ಬಾಲದ ಸಮೀಪಕ್ಕೂ ಸಿಕ್ಕಿಸುವ ಪದ್ಧತಿಯಿದೆ. ತುಂಡಾದ ಎರೆ ಮೇಲೆ ಬಂದರೆ ಬೇಸರಪಡಬೇಡಿ, ಜಾಗವನ್ನೂ ಬದಲಿಸಬೇಡಿ. ಅಂಜಲ್ ಗುಂಪಾಗಿ ತಿರುಗುವ ಮೀನು, ಹೊಸ ಎರೆ ಕಟ್ಟಿ ಅದೇ ದಾರಿಯಲ್ಲಿ ಮತ್ತೊಮ್ಮೆ ಹೋಗಿ.

ಜೀವಂತ ಎರೆಯನ್ನು ಎಳೆಯುವಾಗ ದೋಣಿಯ ವೇಗ 2 ನಾಟ್ (ಗಂಟೆಗೆ ಸುಮಾರು 3.7 ಕಿಲೋಮೀಟರ್) ಆಸುಪಾಸಿನಲ್ಲಿರಲಿ, ಅದಕ್ಕಿಂತ ವೇಗವಾದರೆ ಎರೆ ಬೇಗ ಸಾಯುತ್ತದೆ. ಕೃತಕ ಮೀನಾದರೆ 5ರಿಂದ 7 ನಾಟ್‌ವರೆಗೂ ಹೋಗಬಹುದು. ಮೊದಲ ವರ್ಷ ಎರಡೇ ದಾರ ಸಾಕು, ಒಂದು ಮೇಲ್ಮೈಯಲ್ಲಿ, ಇನ್ನೊಂದು ಐದಾರು ಮೀಟರ್ ಆಳದಲ್ಲಿ. ನಾಲ್ಕು ದಾರ ಬಿಟ್ಟರೆ ನಾಲ್ಕು ಪಟ್ಟು ಮೀನು ಬರುವುದಿಲ್ಲ, ಸಿಕ್ಕು ಬಿಡಿಸುವುದರಲ್ಲೇ ಮಕ್ಕಳ ಉತ್ಸಾಹ ಇಂಗಿಹೋಗುತ್ತದೆ. ಎಲ್ಲಿ ಹುಡುಕಬೇಕೆಂದರೆ, ನೀರೊಳಗಿನ ಬಂಡೆಗಳ ಅಂಚು, ಎರಡು ಬಣ್ಣದ ನೀರು ಕೂಡುವ ಗೆರೆ, ಹಕ್ಕಿಗಳು ಮುಗಿಬಿದ್ದು ಮುಳುಗೇಳುವ ಜಾಗ, ಚಿಕ್ಕ ಮೀನಿನ ಹಿಂಡು ನೀರಿನ ಮೇಲೆ ಮಳೆಹನಿಯಂತೆ ಚಿಮ್ಮುವ ಜಾಗ. ಇದನ್ನು ಗುರುತಿಸುವ ಕೆಲಸವನ್ನು 9 ವರ್ಷದ ಮಗುವಿಗೆ ಒಪ್ಪಿಸಿ. ನಮ್ಮ ದೋಣಿಯಲ್ಲಿ ಹಕ್ಕಿಗಳನ್ನು ಮೊದಲು ಕಾಣುವುದು ಈಗಲೂ ಮಗಳೇ.

ಮೀನು ದೋಣಿಯ ಹತ್ತಿರ ಬಂದಾಗ ಎರಡನೆಯ ಅಪಾಯದ ಹೊತ್ತು. ದೋಣಿಯ ನೆರಳು ಕಂಡೊಡನೆ ಅಂಜಲ್ ಇನ್ನೊಮ್ಮೆ ಓಡುತ್ತದೆ. ಆಗ ತಂತಿಯನ್ನು ಯಾರೂ ಬೆರಳಿಗೆ ಸುತ್ತಿಕೊಳ್ಳಬಾರದು. ಕೊಕ್ಕೆಕೋಲು ಹಾಕುವವರು ಒಬ್ಬರೇ, ಅದೂ ದೊಡ್ಡವರೇ ಆಗಿರಬೇಕು. ಒಳಗೆ ಬಂದ ಮೀನನ್ನು ನೇರವಾಗಿ ಉದ್ದನೆಯ ಐಸ್ ಪೆಟ್ಟಿಗೆಗೆ ಇಳಿಸಿ ಮುಚ್ಚಳ ಹಾಕಿಬಿಡಿ. ಗಾಳ ನೇತಾಡುವ ಬಾಯಿಯೊಂದಿಗೆ ಅದು ಮಕ್ಕಳ ಕಾಲ ಬಳಿ ಹೊರಳಾಡುವಂತೆ ಮಾತ್ರ ಬಿಡಬೇಡಿ. ಐಸ್ ಬೇಕಾದದ್ದು ರುಚಿಗಷ್ಟೇ ಅಲ್ಲ. ಈ ಜಾತಿಯ ಮೀನು ಬಿಸಿಲಿನಲ್ಲಿ ಉಳಿದರೆ ಮಾಂಸದಲ್ಲಿ ಹಿಸ್ಟಮಿನ್ ಉಂಟಾಗುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ, ತಿಂದವರಿಗೆ ಮುಖ ಕೆಂಪೇರಿ, ತಲೆನೋವು, ವಾಂತಿ ಆಗಬಹುದು.

ಸಮುದ್ರದ ಬಗ್ಗೆ ಹೇಳುವುದಾದರೆ, ಗಾಳಿಯ ಮುನ್ಸೂಚನೆಯಲ್ಲಿ ಸ್ವಲ್ಪವೇ ಅನುಮಾನವಿದ್ದರೂ ಮನೆಮಂದಿಯೊಂದಿಗೆ ಹೊರಡಬೇಡಿ. ಒಬ್ಬರೇ ಇದ್ದಾಗ ತಾಳಿಕೊಳ್ಳುವ ತೆರೆಯೇ ಬೇರೆ, ಮಕ್ಕಳಿದ್ದಾಗಿನದೇ ಬೇರೆ. ಬೆಳಕು ಹರಿಯುವ ಹೊತ್ತಿಗೆ ಹೊರಟು, ಮಧ್ಯಾಹ್ನದ ಕಡಲಗಾಳಿ ಏಳುವ ಮೊದಲೇ ತಿರುಗಿ ಬನ್ನಿ. ಇಂಧನದ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಮುಟ್ಟದೆ ಇಡಲು. ಲೈಫ್ ಜಾಕೆಟ್ ಮಕ್ಕಳ ಅಳತೆಯದೇ ಆಗಿರಬೇಕು, ಸೀಟಿನ ಕೆಳಗಲ್ಲ, ಮೈಮೇಲಿರಬೇಕು, ನಿಮ್ಮ ಮೈಮೇಲೂ ಕೂಡ. ಎಂಜಿನ್ ನಿಲ್ಲಿಸುವ ಸುರಕ್ಷತಾ ಹಗ್ಗ ಚಾಲಕರ ದೇಹಕ್ಕೆ ಕಟ್ಟಿರಲಿ. ವಿಎಚ್ಎಫ್ ರೇಡಿಯೋದಲ್ಲಿ ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಜ್, ತುರ್ತು ಕರೆಗೆ ಮೀಸಲು. ಅದರಲ್ಲಿ ಹೇಗೆ ಮಾತಾಡಬೇಕೆಂಬುದನ್ನು ನಿಮ್ಮ ಪತ್ನಿಯೂ 12 ವರ್ಷದ ಮಗುವೂ ಕಲಿತಿರಲಿ, ಏಕೆಂದರೆ ನೀರಿಗೆ ಬೀಳುವವರು ನೀವೇ ಆಗಿರಬಹುದು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ದಡದಲ್ಲಿರುವ ಒಬ್ಬರಿಗೆ ಬರೆದುಕೊಡಿ.

ಇನ್ನು ಮಕ್ಕಳ ಕೈಗೆ ಕೋಲು ಕೊಡುವ ವಿಷಯ. 12 ವರ್ಷದವರು ಕುಳಿತುಕೊಂಡೇ, ಕೋಲಿನ ಬುಡವನ್ನು ಸೊಂಟಪಟ್ಟಿಯ ಬಟ್ಟಲಿನಲ್ಲಿಟ್ಟು ಹಿಡಿಯಲಿ. ಕೋಲನ್ನು ಅವರ ದೇಹಕ್ಕೆ ಕಟ್ಟಬೇಡಿ, ದೋಣಿಗೆ ಒಂದು ಹಗ್ಗದಿಂದ ಕಟ್ಟಿ. 9 ವರ್ಷದವರಿಗೆ ಮೊದಲ ಓಟ ಮುಗಿದ ಮೇಲೆ, ನೀವು ಹಿಂದಿನಿಂದ ಕೈ ಸೇರಿಸಿ ಕೊಡಿ. ಅರ್ಧದಲ್ಲಿ ಮೀನು ತಪ್ಪಿಹೋದರೆ ಯಾರೂ ಏನೂ ಅನ್ನಬಾರದೆಂದು ದಡದಲ್ಲೇ ಮಾತಾಡಿಕೊಂಡು ಹೊರಡಿ. ನನ್ನ ಮಗಳ ಮೊದಲ ಮೂರು ಅಂಜಲ್ ತಪ್ಪಿಹೋದವು. ನಾಲ್ಕನೆಯದು ಒಳಗೆ ಬಂದಾಗ ಅವಳು ಎದುರು ಬದಿಯಲ್ಲಿ ಕುಳಿತಿದ್ದ ತಾಯಿಗೆ ‘ಅಮ್ಮ, ನೀನು ಏಳಬೇಡ, ಅಲ್ಲಿಂದಲೇ ನೋಡು’ ಎಂದು ಕೂಗಿ ಹೇಳಿದಳು.