ಮಾತು ಇರುವಾಗಲೇ ಕೇಳಿ

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಕ್ಯಾನ್ಸರ್ ಹಬ್ಬಿದ್ದನ್ನು ರೋಗಿಗೇ ಹೇಳದೆ ಮುಚ್ಚಿಡುವ ಮನೆಯವರು ಸಲಹೆ ಕೇಳಿಕೊಂಡು ನನ್ನ ಬಳಿ ಮತ್ತೆ ಮತ್ತೆ ಬರುತ್ತಿರುವುದರಿಂದ ಬರೆಯುತ್ತಿದ್ದೇನೆ.

ಕಾಸರಗೋಡಿನ ಒಳನಾಡಿನ ಅಡಿಕೆ ಕೃಷಿಕರು, ಐವತ್ತು ದಾಟಿದವರು. ಮಿದುಳಿನಲ್ಲಿ ಬೇಗ ಬೆಳೆಯುವ ಗ್ಲಿಯೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗಡ್ಡೆಗೆ ಆಪರೇಷನ್, ರೇಡಿಯೇಷನ್, ಟೆಮೊಝೋಲೊಮೈಡ್ ಎಂಬ ಕೀಮೋ ಮದ್ದು ಎಲ್ಲ ಆಗಿತ್ತು. ಆಮೇಲೆ ಸೊಂಟನೋವು, ಕಾಲಿಗೆ ಬಲವಿಲ್ಲ, ಮೂತ್ರ ಕಟ್ಟಿತು. ಡಿಸ್ಕ್ ಅಂದುಕೊಂಡು ಎಣ್ಣೆ ತಿಕ್ಕಿದರು. ಎಂಆರ್‌ಐ ಮಾಡಿದಾಗ ಗಡ್ಡೆಯ ಕೋಶಗಳು ಮಿದುಳು, ಬೆನ್ನುಹುರಿಯ ಸುತ್ತ ಹರಿಯುವ ದ್ರವದ ಮೂಲಕ ಇಳಿದು ಬೆನ್ನುಹುರಿಯ ಪೊರೆಗೆ ಹತ್ತಿಕೊಂಡದ್ದು ಕಂಡಿತು.

"ಅಪ್ಪನಿಗೆ ಹೇಳ್ಬೇಡಿ ಮೇಡಂ. ಮುಂಬೈಗೆ ಕರ್ಕೊಂಡು ಹೋಗ್ತೇವೆ, ತೋಟದ ಮೇಲೆ ಸಾಲ ಕೇಳಿ ಆಗಿದೆ" ಎಂದ ಮಗ. ಅಪ್ಪ ಎಂತ ಹೇಳ್ತಾರೆ ಎಂದು ಕೇಳಿದೆ. ಅವರನ್ನು ಯಾರೂ ಕೇಳಿರಲಿಲ್ಲ. ಮುಂದಿನ ಸಲ ಅವರನ್ನೂ ಕರೆತರಲು ಹೇಳಿದೆ.

ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮದ್ದು ಶುರುವಾಗಿ ತಲೆನೋವು ಇಳಿದು ಅವರು ಗೆಲುವಾಗಿದ್ದರು. ಉಗುರ ಸಂದಿಯಲ್ಲಿ ಅಡಿಕೆಯ ಚೊಗರು ಇನ್ನೂ ಕಪ್ಪಗೆ ಕೂತಿತ್ತು. ಮಗ ಟಿಕೆಟಿನ ಮಾತು ತೆಗೆಯುತ್ತಲೇ ತಡೆದರು.

"ಸಾಲ ಎಷ್ಟು?"

ಮಗ ಸುಮ್ಮನಾದ.

"ಇದು ಡಿಸ್ಕ್ ಅಲ್ಲ ಅಂತ ನಂಗೆ ಗೊತ್ತುಂಟು. ನೀವೆಲ್ಲ ಜಗಲಿಯಲ್ಲಿ ಮೆಲ್ಲ ಮಾತಾಡ್ತೀರಿ, ನಾನು ಒಳಗೆ ಒಬ್ಬನೇ. ನೋವಿಗೆ ಮದ್ದು ಇಲ್ಲೇ ಸಿಕ್ಕಿದ್ರೆ ಸಾಕು. ಮಗಳ ಪಾಲಿನ ಕಾಗದ ಆಗ್ಬೇಕು, ಅದು ಮೊದಲು."

ಹೆಂಡತಿ ಅತ್ತರು. ಆದರೆ ಎದ್ದು ಹೋಗಲಿಲ್ಲ. ಕುರ್ಚಿ ಎಳೆದು ಗಂಡನ ಪಕ್ಕ ಕೂತರು.

ನಾನು ಹೇಳಿದ್ದಿಷ್ಟು: ಡಾಕ್ಟರ ಹತ್ತಿರ ಎಲ್ಲವನ್ನೂ ಅವರೆದುರೇ ಕೇಳಿ. ನೋವಿರುವ ಜಾಗಕ್ಕೆ ಕೆಲವೇ ದಿನದ ರೇಡಿಯೇಷನ್ ಆಗುತ್ತದೋ ವಿಚಾರಿಸಿ. ಸಹಿ ಹಾಕುವ ಶಕ್ತಿ ಇರುವಾಗಲೇ ಕಾಗದ ಮುಗಿಸಿ. ಮಗ ಸಾಲ ಬೇಡವೆಂದ. ಕಾಗದ ಆಯಿತು. ಸ್ವಲ್ಪ ದಿನದಲ್ಲೇ ಮಾತು ತೊದಲತೊಡಗಿತು.

"ನೀವು ಅವರ ಆಸೆಯನ್ನೇ ತೆಗೆದಿರಿ" ಎಂದು ಬಂಧುವೊಬ್ಬರು ಫೋನಿನಲ್ಲಿ ರೇಗಿದರು. ನಾನು ಒಪ್ಪುವುದಿಲ್ಲ. ಕ್ಯಾನ್ಸರ್ ಪೊರೆಗೆ ಹಬ್ಬಿದ ಮೇಲೆ ಚಿಕಿತ್ಸೆಯಿಲ್ಲದಿದ್ದರೆ ಬದುಕು ಸಾಮಾನ್ಯವಾಗಿ 4–6 ವಾರ. ಗ್ಲಿಯೋಬ್ಲಾಸ್ಟೋಮಾದಲ್ಲಿ ಚಿಕಿತ್ಸೆ ಪಡೆದರೂ ಹೆಚ್ಚಿನವರಿಗೆ ಕೆಲವೇ ತಿಂಗಳು. ಅದರೊಳಗೆ ನುಂಗುವುದು, ನೆನಪು, ಮಾತು ಒಂದೊಂದಾಗಿ ಕೈಕೊಡುತ್ತವೆ. ಸ್ಟೀರಾಯ್ಡ್ ಕೊಡುವ ಗೆಲುವು ಬಹಳ ದಿನ ಉಳಿಯುವುದಿಲ್ಲ. ಆಗ ಕೇಳದ್ದನ್ನು ಆಮೇಲೆ ಕೇಳಲಿಕ್ಕಾಗದು.

ಎಲ್ಲರಿಗೂ ಇದೇ ಸಲಹೆಯಲ್ಲ. ಮಕ್ಕಳಿಗೆ ಬರುವ ಮೆಡುಲ್ಲೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್ ಪೊರೆಗೆ ಹಬ್ಬಿದ್ದರೂ ಇಡೀ ಮಿದುಳು-ಬೆನ್ನುಹುರಿಗೆ ರೇಡಿಯೇಷನ್, ಕೀಮೋ ಕೊಟ್ಟರೆ ಎಷ್ಟೋ ಮಕ್ಕಳು ಗುಣವಾಗುತ್ತಾರೆ. ಸ್ತನ, ಶ್ವಾಸಕೋಶದ ಕ್ಯಾನ್ಸರ್ ಹಬ್ಬಿದ ಕೆಲವರಿಗೆ ಜೀನ್ ಪರೀಕ್ಷೆ ನೋಡಿ ಕೊಡುವ ಮಾತ್ರೆ ಇನ್ನಷ್ಟು ಕಾಲ ಕೊಡುತ್ತದೆ. ಅಂಥವರಿಗೆ ತಲಶ್ಶೇರಿಯ ಇಲ್ಲವೇ ತಿರುವನಂತಪುರದ ಕ್ಯಾನ್ಸರ್ ಆಸ್ಪತ್ರೆಗೆ ಕೂಡಲೇ ಹೊರಡಿ ಎಂದು ನಾನೇ ಒತ್ತಾಯಿಸುತ್ತೇನೆ.

ಈ ಎರಡೂ ಬಗೆಯವರಿಗೆ ಹೇಳುವುದೊಂದುಂಟು. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್, ಅಂದರೆ ನೋವು-ನರಳಾಟ ತಗ್ಗಿಸುವ ಆರೈಕೆಯ ನೀತಿ ತಂದ ಮೇಲೆ ಪಂಚಾಯತಿನ ನರ್ಸ್ ಮನೆಗೇ ಬಂದು ಕ್ಯಾಥೆಟರ್ (ಮೂತ್ರದ ನಳಿಕೆ), ಹಾಸಿಗೆ ಹುಣ್ಣು ನೋಡಿಕೊಳ್ಳುತ್ತಾರೆ. ನೋವಿಗೆ ಮಾರ್ಫಿನ್ ಬೇಕಾದರೆ ಪಾಲಿಯೇಟಿವ್ ಡಾಕ್ಟರು ಬರೆದುಕೊಡುತ್ತಾರೆ. ವರದಿ ಕೈಗೆ ಬಂದ ವಾರವೇ ಈ ಆರೈಕೆಗೆ ಹೆಸರು ಬರೆಸಿ, ಚಿಕಿತ್ಸೆ ನಡೆಯುತ್ತಿದ್ದರೂ ಸರಿ.