ದುಡ್ಡು ಬರುವ ಮೊದಲೂ ಅಲ್ಲೊಂದು ತಂಡವಿತ್ತು

ಪತ್ರ: "ಕಳೆದ ಸಂಚಿಕೆಯಲ್ಲಿ ಹಂಗೇರಿಯ ಗ್ಯೋರ್ ಊರಿನ ಮಹಿಳಾ ಹ್ಯಾಂಡ್‌ಬಾಲ್ ಕ್ಲಬ್ ಬಗ್ಗೆ ಮೂರು ಪುಟ ಬರೆದಿದ್ದೀರಿ. ಯುರೋಪಿನ ಚಾಂಪಿಯನ್ಸ್ ಲೀಗನ್ನು 2025ರವರೆಗೆ 7 ಸಲ ಗೆದ್ದಿದ್ದಾರೆ, ಸರಿ. ಆದರೆ ಅದು ಆಡಿ ಕಾರು ಕಂಪನಿಯ ದುಡ್ಡಿನ ಗೆಲುವು. ನಾರ್ವೆ, ಬ್ರೆಜಿಲ್, ಫ್ರಾನ್ಸ್‌ನಿಂದ ಆಟಗಾರ್ತಿಯರನ್ನು ಕರೆಸಿ ಗೆದ್ದರೆ ಅದರಲ್ಲಿ ಊರಿನದು ಅಂತ ಏನಿದೆ? ಇದನ್ನು ಚರಿತ್ರೆ ಅನ್ನಬೇಕಾ?" - ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರೊಬ್ಬರು, ತಿಪಟೂರು

ಉತ್ತರ:

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಈ ಕಾಲದಲ್ಲಿ ದುಡ್ಡಿಲ್ಲದೆ ಯುರೋಪಿನ ಕಪ್ ಯಾರೂ ಗೆಲ್ಲುವುದಿಲ್ಲ. ಆಡಿ 1993ರಲ್ಲಿ ಗ್ಯೋರ್‌ಗೆ ಬಂದು ಎಂಜಿನ್ ಕಾರ್ಖಾನೆ ಹಾಕಿತು, ಆಮೇಲೆ ಕ್ಲಬ್ಬಿನ ಹೆಸರಿನೊಳಗೇ ಸೇರಿಕೊಂಡಿತು. ಕಂಪನಿಗಳು ತಮ್ಮ ತೆರಿಗೆಯ ಒಂದು ಪಾಲನ್ನು ಫುಟ್‌ಬಾಲ್, ಹ್ಯಾಂಡ್‌ಬಾಲ್‌ನಂಥ ಆಟಗಳಿಗೆ ಕೊಡಬಹುದು ಅಂತ ಹಂಗೇರಿ ಸರ್ಕಾರ 2011ರಲ್ಲಿ ದಾರಿ ಮಾಡಿಕೊಟ್ಟಿತು. 2014ರಲ್ಲಿ ಹೊಸ ಹಾಲ್ ಎದ್ದಿತು, 5,500 ಜನ ಕೂರುವಂಥದ್ದು. ಇದಿಷ್ಟೂ ನಿಜ.

ಆದರೆ ನೀವು ಕಥೆಯನ್ನು ಕೊನೆಯ ಅಧ್ಯಾಯದಿಂದ ಓದಿದ್ದೀರಿ. ಹಾಗೆ ಓದುವುದನ್ನು ಕಂಡರೆ ನನಗೆ ಬೇಜಾರು.

ಗ್ಯೋರ್‌ನ ಇಟಿಒ ಕ್ಲಬ್ ಶುರುವಾದದ್ದು 1904ರಲ್ಲಿ. ರೈಲು ಬೋಗಿ ಕಟ್ಟುವ ಕಾರ್ಖಾನೆಯ ಕೆಲಸಗಾರರ ಕ್ಲಬ್ ಅದು. ಹೆಣ್ಣುಮಕ್ಕಳ ಹ್ಯಾಂಡ್‌ಬಾಲ್ ತಂಡ ಬಂದದ್ದು 1948ರಲ್ಲಿ. ಮಹಾಯುದ್ಧ ಮುಗಿದು ಮೂರೇ ವರ್ಷ ಆಗಿತ್ತು. ಆಗ ಈ ಆಟವನ್ನು ಹೆಚ್ಚಾಗಿ ಬಯಲಿನಲ್ಲೇ ಆಡುತ್ತಿದ್ದರು. 1957ರಲ್ಲಿ ಈ ತಂಡ ಹಂಗೇರಿಯ ಚಾಂಪಿಯನ್ ಆಯಿತು. ಆ ವರ್ಷವನ್ನು ಸ್ವಲ್ಪ ಗಮನಿಸಿ. ಹಿಂದಿನ ವರ್ಷದ ಕೊನೆಯಲ್ಲಿ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿ ಬಂಡಾಯವನ್ನು ಅಡಗಿಸಿದ್ದವು. ಎಷ್ಟೋ ಜನ ಗಡಿ ದಾಟಿ ಆಸ್ಟ್ರಿಯಾಕ್ಕೆ ಓಡಿದ್ದರು. ಬುಡಾಪೆಸ್ಟಿನಿಂದ ವಿಯೆನ್ನಾಕ್ಕೆ ಹೋಗುವ ದಾರಿಯಲ್ಲೇ ಗ್ಯೋರ್ ಇದೆ. ಅಂಥ ಹೊತ್ತಿನಲ್ಲೂ ಆ ಹುಡುಗಿಯರು ಆಡಿ ಗೆದ್ದರು. 1959ರಲ್ಲಿ ಮತ್ತೆ ಗೆದ್ದರು.

ಮುಂದಿನ ಲೀಗ್ ಪ್ರಶಸ್ತಿ ಯಾವಾಗ ಗೊತ್ತಾ? 2005ರಲ್ಲಿ.

ನಡುವೆ 46 ವರ್ಷ. ನಾನು ಚರಿತ್ರೆ ಅನ್ನುವುದು ಈ 46 ವರ್ಷವನ್ನೇ ಮೇಷ್ಟ್ರೇ. ಆ ಕಾಲದಲ್ಲಿ ಹೆಸರೆಲ್ಲ ಬೇರೆಯವರದು. 1965ರಲ್ಲಿ ಹಂಗೇರಿಯ ಹೆಣ್ಣುಮಕ್ಕಳು ವಿಶ್ವ ಚಾಂಪಿಯನ್ ಆದರು. ಫೈನಲ್‌ನಲ್ಲಿ ಯುಗೊಸ್ಲಾವಿಯಾವನ್ನು 5-3ರಿಂದ ಸೋಲಿಸಿದರು. ಇವತ್ತು ಒಂದೊಂದು ತಂಡ ಮೂವತ್ತು ಗೋಲು ಹೊಡೆಯುವ ಆಟದಲ್ಲಿ ಅಂದಿನ ಫೈನಲ್ ಎಂಟೇ ಗೋಲಿಗೆ ಮುಗಿದಿತ್ತು! ದೇಶದೊಳಗೆ ರಾಜ್ಯಭಾರ ಬುಡಾಪೆಸ್ಟಿನ ವಾಶಾಶ್ ಕ್ಲಬ್ಬಿನದು. ಅದು ಕಬ್ಬಿಣದ ಕಾರ್ಖಾನೆಗಳ ಕೆಲಸಗಾರರ ಕ್ಲಬ್. 1972ರಿಂದ 1982ರವರೆಗೆ ಸತತ 11 ಸಲ ಲೀಗ್ ಗೆದ್ದಿತು, 1982ರಲ್ಲಿ ಯುರೋಪಿಯನ್ ಕಪ್ಪನ್ನೂ ತಂದಿತು. ಗ್ಯೋರ್ ಹೆಸರು ಯಾರ ಬಾಯಲ್ಲೂ ಇರಲಿಲ್ಲ.

1989ರ ಆಸುಪಾಸಿನಲ್ಲಿ ಹಂಗೇರಿಯ ಕಮ್ಯುನಿಸ್ಟ್ ಆಡಳಿತ ಕೊನೆಯಾಯಿತು. ಹಳೆಯ ಸರ್ಕಾರಿ ಕಾರ್ಖಾನೆಗಳು ನಂಬಿಕೊಂಡಿದ್ದ ಮಾರುಕಟ್ಟೆ ಕಳೆದುಕೊಂಡವು. ಅವು ಸಾಕುತ್ತಿದ್ದ ತಂಡಗಳಿಗೆ ದಿಕ್ಕಿಲ್ಲದಂತಾಯಿತು. ಗ್ಯೋರ್‌ನ ಹುಡುಗಿಯರು ಆಗ ಊರಿನ ಬಿಸ್ಕತ್ ಕಂಪನಿಯ ಹೆಸರು ಹೊತ್ತು ಆಡಿದರು. ಆಮೇಲೆ ಮನೆಯ ನೆಲಕ್ಕೆ ಹಾಸುವ ಪ್ಲಾಸ್ಟಿಕ್ ಹಾಸು ಮಾಡುವ ಊರಿನ ಇನ್ನೊಂದು ಕಂಪನಿಯ ಹೆಸರು ಬಂತು. ಬೋಗಿ, ಬಿಸ್ಕತ್, ನೆಲಹಾಸು, ಕೊನೆಗೆ ಕಾರು. ಯಾರು ಕೈ ಚಾಚಿದರೆ ಅವರ ಕೈ ಹಿಡಿದು ತಂಡ ಉಳಿಸಿಕೊಂಡರು. ಆಡಿ ಬಂದಾಗ ಅಲ್ಲಿ ಖಾಲಿ ಮೈದಾನ ಇರಲಿಲ್ಲ. ತಂಡವಿತ್ತು, ಕೋಚ್ ಇದ್ದರು, ಸಾಯಂಕಾಲ ಮಗಳನ್ನು ಅಭ್ಯಾಸಕ್ಕೆ ಕಳಿಸುವ ಅಪ್ಪ ಅಮ್ಮ ಇದ್ದರು. ಮಳೆ ಎಲ್ಲ ಊರಿಗೂ ಬರುತ್ತದೆ, ನೀರು ನಿಲ್ಲುವುದು ಏರಿ ಗಟ್ಟಿ ಇದ್ದ ಕೆರೆಯಲ್ಲಿ ಮಾತ್ರ, ಅಲ್ವಾ?

ದುಡ್ಡೇ ಎಲ್ಲ ಎನ್ನುವವರು ಡುನಾಉಯ್‌ವಾರೋಶ್ ಕಡೆಗೂ ನೋಡಬೇಕು. ಅದು 1950ರಿಂದ ಕಟ್ಟಿದ ಉಕ್ಕಿನ ಊರು. ಕೆಲವು ವರ್ಷ ಸ್ಟಾಲಿನ್ ಹೆಸರನ್ನೇ ಹೊತ್ತಿತ್ತು. ಅಲ್ಲಿನ ಉಕ್ಕಿನ ಕಾರ್ಖಾನೆ ಡುನಾಫೆರ್ ಬೆನ್ನಿಗಿದ್ದ ಮಹಿಳಾ ತಂಡ 1999ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದಿತು, ಗ್ಯೋರ್‌ಗಿಂತ 14 ವರ್ಷ ಮೊದಲೇ. ಕಾರ್ಖಾನೆ ಸೊರಗಿತು, ತಂಡವೂ ಆ ಎತ್ತರದಲ್ಲಿ ನಿಲ್ಲಲಿಲ್ಲ. ಕಾರ್ಖಾನೆಯ ದುಡ್ಡು ಇಬ್ಬರಿಗೂ ಸಿಕ್ಕಿತ್ತು, ಎತ್ತರದಲ್ಲಿ ಉಳಿದದ್ದು ಗ್ಯೋರ್ ಮಾತ್ರ.

ಇನ್ನು "ಊರಿನದು ಏನಿದೆ" ಅಂತ ಕೇಳಿದ್ದೀರಿ. ಅನಿತಾ ಗೋರ್ಬಿಟ್ಸ್ ಇದ್ದಾರೆ. ಹುಟ್ಟಿದ್ದು ಹಂಗೇರಿಯದೇ ಇನ್ನೊಂದು ಊರು ವೆಸ್ಪ್ರೇಮ್‌ನಲ್ಲಿ. 1997ರಲ್ಲಿ, ಇನ್ನೂ 14ರ ಹುಡುಗಿಯಾಗಿದ್ದಾಗ ಗ್ಯೋರ್‌ಗೆ ಬಂದರು. 2005ರಲ್ಲಿ ವಿಶ್ವದ ಅತ್ಯುತ್ತಮ ಆಟಗಾರ್ತಿ ಆದರು. ಯಾವ ದೊಡ್ಡ ಕ್ಲಬ್ ಬೇಕಾದರೂ ಅವರನ್ನು ಕರೆಯುತ್ತಿತ್ತು. ಹೋಗಲಿಲ್ಲ. 2015ರಲ್ಲಿ ತಾಯಿಯಾದರು, ಮತ್ತೆ ಅಂಗಳಕ್ಕೆ ಇಳಿದರು, 2021ರಲ್ಲಿ ಅದೇ ಊರಲ್ಲಿ ಆಟ ಮುಗಿಸಿದರು. ಅವರ 13ನೇ ನಂಬರ್ ಅಂಗಿಯನ್ನು ಕ್ಲಬ್ ಇನ್ನಾರಿಗೂ ಕೊಡುವುದಿಲ್ಲ. ಹೊರಗಿನವರು ಅಂದಿರಲ್ಲ, ಬ್ರೆಜಿಲ್‌ನ ಎಡ್ವಾರ್ಡಾ ಅಮೋರಿಮ್ 2009ರಿಂದ 2021ರವರೆಗೆ ಗ್ಯೋರ್‌ನಲ್ಲೇ ಆಡಿದರು. ಹನ್ನೆರಡು ವರ್ಷ ಒಂದು ಊರಿಗಾಗಿ ಬೆವರು ಸುರಿಸಿದವರನ್ನು ಹೊರಗಿನವರು ಅನ್ನಲು ನನಗೆ ನಾಲಿಗೆ ಏಳುವುದಿಲ್ಲ.

ದುಡ್ಡು ಬಂದ ಮೇಲೂ ಗೆಲುವು ಸುಮ್ನೆ ಬರಲಿಲ್ಲ. 2009ರ ಫೈನಲ್‌ನಲ್ಲಿ ಡೆನ್ಮಾರ್ಕಿನ ವಿಬೋರ್ಗ್ ಎದುರು ಸೋತರು. 2012ರ ಫೈನಲ್‌ನಲ್ಲಿ ಮಾಂಟೆನೆಗ್ರೊ ದೇಶದ ಬುಡುಚ್ನೊಸ್ಟ್ ಕ್ಲಬ್ ಎದುರು ಎರಡು ಪಂದ್ಯದ ಒಟ್ಟು ಗೋಲು ಸಮಸಮ. ಎದುರಾಳಿಯ ಊರಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಕಪ್ ಕೈ ತಪ್ಪಿತು. ಕೋಚ್ ಆಗಿದ್ದ ನಾರ್ವೆಯ ಕಾರ್ಲ್ ಎರಿಕ್ ಬೋನ್ ರಕ್ತದ ಕ್ಯಾನ್ಸರ್‌ಗೆ ತುತ್ತಾಗಿ 2014ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ ಅವರ ಜಾಗಕ್ಕೆ ಬಂದಿದ್ದ ಸ್ಪೇನಿನ ಆಂಬ್ರೋಸ್ ಮಾರ್ಟಿನ್ 2013ರಲ್ಲಿ ಮೊದಲ ಚಾಂಪಿಯನ್ಸ್ ಲೀಗ್ ಗೆಲ್ಲಿಸಿಕೊಟ್ಟರು. 2016ರಲ್ಲಿ ಮತ್ತೆ ಫೈನಲ್, ಪೆನಾಲ್ಟಿಯಲ್ಲಿ ಸೋಲು. ಆಮೇಲಿನ ಮೂರು ಫೈನಲ್ ನೋಡಿ. 2017ರಲ್ಲಿ 31-30. 2018ರಲ್ಲಿ 27-26. 2019ರಲ್ಲಿ 25-24. ಮೂರೂ ಒಂದೇ ಗೋಲಿನ ಗೆಲುವು, ಮೊದಲೆರಡು ಹೆಚ್ಚುವರಿ ಸಮಯದಲ್ಲಿ. ಒಳ್ಳೆಯ ಆಟಗಾರ್ತಿಯನ್ನು ದುಡ್ಡು ಕರೆಸುತ್ತದೆ. ಕೊನೆಯ ನಿಮಿಷದ ಆ ಒಂದು ಗೋಲು ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ.

ನನ್ನ ಗೆಳೆಯರೊಬ್ಬರ ಮಗ ಕೆಲಸದ ಮೇಲೆ ಕೆಲಕಾಲ ಗ್ಯೋರ್‌ನಲ್ಲಿದ್ದ. ಪಂದ್ಯದ ದಿನ ಅಜ್ಜಿಯರೂ ಹಸಿರು-ಬಿಳಿ ಶಾಲು ಕುತ್ತಿಗೆಗೆ ಸುತ್ತಿಕೊಂಡು ಹಾಲ್ ಕಡೆ ಹೊರಡುತ್ತಾರೆ ಅಂತ ಹೇಳುತ್ತಿದ್ದ. ಹೆಣ್ಣುಮಕ್ಕಳ ಆಟ ಅಂತ ಯಾರೂ ಬೇರೆ ಮಾಡಿ ಮಾತಾಡುವುದಿಲ್ಲವಂತೆ. ಅವರಿಗೆ ಅದು ಊರಿನ ತಂಡ, ಅಷ್ಟೇ. ಇದನ್ನು ಕೇಳಿದಾಗಿನಿಂದ ನನಗೆ ಈ ಕ್ಲಬ್ ಮೇಲೆ ಒಂದು ಪ್ರೀತಿ.

ನಮ್ಮ ಕಡೆ ಏನಾಗುತ್ತದೆ? 2024ರಲ್ಲಿ ಆರ್‌ಸಿಬಿ ಹೆಣ್ಣುಮಕ್ಕಳು ಕಪ್ ತಂದಾಗ ಇಡೀ ಬೆಂಗಳೂರು ಕುಣಿಯಿತು, ಪತ್ರಿಕೆಗಳು ಮೊದಲ ಪುಟ ಕೊಟ್ಟವು. ಸಂತೋಷ. ಕಪ್ಪಿಲ್ಲದ ದಿನ ಹೆಣ್ಣುಮಕ್ಕಳ ಆಟಕ್ಕೆ ಎಷ್ಟು ಜಾಗ ಕೊಡುತ್ತೇವೆ? ತಾಲ್ಲೂಕು ಮಟ್ಟದಲ್ಲಿ ಥ್ರೋಬಾಲ್, ಖೋಖೋ, ಹ್ಯಾಂಡ್‌ಬಾಲ್ ಆಡಿ ಕಪ್ ಹಿಡಿದು ಫೋಟೋ ತೆಗೆಸಿಕೊಂಡ ಹುಡುಗಿಯರು ಎಸ್‌ಎಸ್‌ಎಲ್‌ಸಿ ಮುಗಿಸುತ್ತಲೇ ಎಲ್ಲಿ ಹೋಗುತ್ತಾರೆ? ಅವರಿಗೆ ಊರಲ್ಲಿ ಕ್ಲಬ್ ಇಲ್ಲ. ಸಂಜೆ ಆಡಲು ದೀಪವಿರುವ ಅಂಗಳ ಇಲ್ಲ. ಬಟ್ಟೆ ಬದಲಿಸಲು ಒಂದು ಕೋಣೆ ಇಲ್ಲ. ಮಗಳ ಶೂ ಹರಿದರೆ ಇನ್ನು ಆಟ ಸಾಕು ಅನ್ನುವ ಮನೆಗಳೇ ಜಾಸ್ತಿ. ದೊಡ್ಡ ಕಂಪನಿಯೊಂದು ನಾಳೆ ನಮ್ಮ ಜಿಲ್ಲಾ ಊರಿಗೆ ಬಂದು ಹೆಣ್ಣುಮಕ್ಕಳ ತಂಡಕ್ಕೆ ದುಡ್ಡು ಕೊಡುತ್ತೇವೆ ಅಂದರೆ, ಇಗೋ ನಮ್ಮ ತಂಡ ಅಂತ ತೋರಿಸುವುದು ಏನನ್ನು?

ನೀವಂತೂ ಇದನ್ನೆಲ್ಲ ಕಣ್ಣಾರೆ ಕಂಡವರು. ಬೆಳಗ್ಗೆ ಎದ್ದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಹುಡುಗಿಯರನ್ನು ಪಂದ್ಯಕ್ಕೆ ಕಳಿಸಿ ಅಂತ ಮನೆಮನೆಗೆ ಹೋಗಿ ಕೇಳಿದ ಮೇಷ್ಟ್ರುಗಳಿಂದಲೇ ನಮ್ಮಲ್ಲಿ ಇಷ್ಟಾದರೂ ಆಟ ಉಳಿದಿದೆ. ಅಂಥವರೇ ಕಪ್ಪಿನ ಲೆಕ್ಕ ಮಾತ್ರ ನೋಡಿ, ಹಿಂದಿನ ವರ್ಷಗಳನ್ನು ತಳ್ಳಿಹಾಕಿದರೆ ಹೇಗೆ? ನಿಮ್ಮ ಶಾಲೆಯ ಹೆಣ್ಣುಮಕ್ಕಳ ತಂಡದ ಕಥೆ ಬರೆದು ಕಳಿಸಿ. ಯಾರು ಆಡಿದರು, ಎಲ್ಲಿವರೆಗೆ ಹೋದರು, ಯಾಕೆ ನಿಲ್ಲಿಸಿದರು, ಎಲ್ಲ ಇರಲಿ. ಸೋತ ಪಂದ್ಯಗಳೂ ಇರಲಿ. ಗ್ಯೋರ್‌ಗೆ ಕೊಟ್ಟ ಮೂರು ಪುಟ ನಿಮಗೂ ಇದೆ. ಹಳೆಯ ಫೋಟೋ ಇದ್ದರೆ ಜೊತೆಗಿಡಿ, ಜೋಪಾನವಾಗಿ ವಾಪಸ್ ಕಳಿಸುತ್ತೇವೆ.

- ಸಂಪಾದಕ