ಜಮೀನು ಅಡವಿಡುವ ಮೊದಲು ಪರೀಕ್ಷಾ ನಿಯಮಾವಳಿ ಓದಿ

ಹಾಸನದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿರುವ ನೀವು ಮೂರು ಸಂಗತಿ ಕೇಳಿದ್ದೀರಿ: ಜರ್ಮನಿಯಲ್ಲಿ ಸ್ನಾತಕೋತ್ತರ ಓದು ನಿಜಕ್ಕೂ ಉಚಿತವೇ, ಪಾರ್ಟ್‌ಟೈಂ ಕೆಲಸದಿಂದ ಖರ್ಚು ತೂಗಿಸಬಹುದೇ, ಮುಂದೆ ಉದ್ಯೋಗ ಸಿಗುತ್ತದೆಯೇ. ಶುಂಠಿ ಬೆಳೆಯುವ ಜಮೀನನ್ನು ಅಡವಿಡಲು ತಂದೆಯವರು ಒಪ್ಪಿದ್ದಾರೆಂದೂ ಬರೆದಿದ್ದೀರಿ. ನಾನು ಅರಕಲಗೂಡು ಕಡೆಯವನು, ಈಗ ಸ್ಟುಟ್‌ಗಾರ್ಟ್ ಬಳಿ ನೆಲೆಸಿದ್ದೇನೆ. ಜಮೀನಿನ ಮಾತು ಬಂದದ್ದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ.

ಶುಲ್ಕದ ವಿಷಯದಲ್ಲಿ ಇಲ್ಲಿನ ಪ್ರತಿ ರಾಜ್ಯಕ್ಕೂ ಅದರದೇ ನೀತಿಯಿದೆ. ಬೋಧನಾ ಶುಲ್ಕದ ಮೇಲೆ ಕೇಂದ್ರ ಹೇರಿದ್ದ ನಿಷೇಧವನ್ನು 2005ರಲ್ಲಿ ಸಾಂವಿಧಾನಿಕ ನ್ಯಾಯಾಲಯ ರದ್ದುಪಡಿಸಿದ ನಂತರ ಕೆಲವು ರಾಜ್ಯಗಳು ಶುಲ್ಕ ವಿಧಿಸಿ, 2014ರ ಹೊತ್ತಿಗೆ ಎಲ್ಲವೂ ಅದನ್ನು ಕೈಬಿಟ್ಟವು. ಆದರೆ ನಾನಿರುವ ಬಾಡೆನ್-ವ್ಯುರ್ಟೆಂಬರ್ಗ್ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೋ ನಿಗದಿಪಡಿಸಿತು, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಲ್ಲಿ ಅದೇ ದಾರಿ ಹಿಡಿಯಿತು. ಉಳಿದ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಂದಿಗೂ ಇಲ್ಲ. ಅಲ್ಲಿಯೂ ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಂತಿಷ್ಟೇ ಎಂದು ಹಣ ತೆಗೆಯಬಹುದಾದ ಖಾತೆ) ಒಂದು ವರ್ಷದ ಜೀವನವೆಚ್ಚವೆಂದು 11,904 ಯೂರೋ, ಎಂದರೆ ಹತ್ತು ಲಕ್ಷ ರೂಪಾಯಿಗೂ ಮೀರಿದ ಮೊತ್ತ, ಮೊದಲೇ ಇಡಬೇಕಾಗುತ್ತದೆ.

ನೀವು ಕೇಳದೇ ಬಿಟ್ಟಿರುವ ಸಂಗತಿಯೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಬಾಕಿ ಉಳಿದ ವಿಷಯವನ್ನು ಮುಂದಿನ ಸೆಮಿಸ್ಟರಿಗೆ ಹೊತ್ತುಕೊಂಡು ಹೋಗಿ ಮತ್ತೆ ಬರೆಯುವುದು ನಮ್ಮಲ್ಲಿ ಮಾಮೂಲು. ಇಂಟರ್ನಲ್ಸ್ ಅಂಕಗಳ ಆಸರೆಯೂ ಇರುತ್ತದೆ. ಇಲ್ಲಿ ಒಂದು ವಿಷಯವನ್ನು ಬರೆಯಲು ಸಾಮಾನ್ಯವಾಗಿ ಮೂರೇ ಅವಕಾಶ, ಕೆಲವೆಡೆ ಎರಡೇ. ಕಡ್ಡಾಯ ವಿಷಯವೊಂದರಲ್ಲಿ ಕೊನೆಯ ಅವಕಾಶವೂ ಕೈತಪ್ಪಿದರೆ ಆ ಕೋರ್ಸಿನಿಂದ ಹೊರಬೀಳುತ್ತೀರಿ; ಅದೇ ಕೋರ್ಸನ್ನು ಜರ್ಮನಿಯ ಬೇರೊಂದು ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವ ದಾರಿಯೂ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ, ನಿವಾಸ ಪರವಾನಗಿ ಓದಿಗೇ ಅಂಟಿಕೊಂಡಿರುವುದರಿಂದ ಅದೂ ಅಲುಗಾಡುತ್ತದೆ. ಬಹುತೇಕ ತರಗತಿಗಳಲ್ಲಿ ಹಾಜರಿ ಕೇಳುವವರಿಲ್ಲ, ಪರೀಕ್ಷೆಗೆ ಗಡುವಿನೊಳಗೆ ನೀವೇ ನೋಂದಾಯಿಸಿಕೊಳ್ಳಬೇಕು, ಅನೇಕ ವಿಷಯಗಳಲ್ಲಿ ಪೂರ್ತಿ ಅಂಕ ಕೊನೆಯ ಆ ಒಂದೇ ಪರೀಕ್ಷೆಯ ಮೇಲೆ ನಿಂತಿರುತ್ತದೆ. ತೆರಿಗೆಯ ಹಣದಲ್ಲಿ ಓದಿಸುವ ಈ ವ್ಯವಸ್ಥೆ ಬಾಗಿಲಲ್ಲಿ ಅಷ್ಟಾಗಿ ತಡೆಯದೆ, ಒಳಗೆ ಬಂದವರನ್ನು ಜರಡಿ ಹಿಡಿಯುತ್ತದೆ. ಪಿಯುಸಿಯಿಂದಲೂ ಸಿಇಟಿ ರ‍್ಯಾಂಕೇ ಸರ್ವಸ್ವವೆಂದು, ಸೀಟು ಸಿಕ್ಕಿದರೆ ಗೆದ್ದಂತೆ ಎಂದು ನಂಬಿ ಬೆಳೆದ ನಮ್ಮ ಹುಡುಗರು ಎಡವುವುದು ಇಲ್ಲಿಯೇ.

ಆದ್ದರಿಂದ ಮೊದಲ ಸೆಮಿಸ್ಟರಿನಲ್ಲಿ ಆರು ಪರೀಕ್ಷೆಗೆ ನೋಂದಾಯಿಸುವ ಉತ್ಸಾಹ ಬೇಡ. ಮೂರು ಅಥವಾ ನಾಲ್ಕನ್ನು ಚೆನ್ನಾಗಿ ಬರೆಯಿರಿ. ನಾಲ್ಕು ಸೆಮಿಸ್ಟರಿನ ಕೋರ್ಸಿಗೆ ಐದಾರು ಸೆಮಿಸ್ಟರ್ ತೆಗೆದುಕೊಳ್ಳುವುದು ಇಲ್ಲಿ ಅಪರೂಪವೂ ಅಲ್ಲ, ಅವಮಾನವೂ ಅಲ್ಲ. (ಊರಿನಲ್ಲಿ ಕೇಳುವವರಿಗೆ ಏನು ಹೇಳಬೇಕೆಂಬುದು ಬೇರೆ ಕಷ್ಟ.) ಆದರೆ ಆ ಹೆಚ್ಚುವರಿ ವರ್ಷದ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಂಡೇ ಸಾಲದ ಮೊತ್ತ ತೀರ್ಮಾನಿಸಿ.

ಪಾರ್ಟ್‌ಟೈಂ ಕೆಲಸಕ್ಕೆ ಈಗ ವರ್ಷಕ್ಕೆ 140 ಪೂರ್ಣ ದಿನಗಳ ಅನುಮತಿಯಿದೆ. ತರಗತಿಗಳಿರುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮೀರಿದರೆ ಆರೋಗ್ಯ ವಿಮೆಯಲ್ಲಿ ವಿದ್ಯಾರ್ಥಿಗಳಿಗೆ ಸಿಗುವ ರಿಯಾಯಿತಿ ತಪ್ಪಬಹುದು. ಊಟ, ಬಾಡಿಗೆಗೆ ಆ ಸಂಬಳ ಬಹುಮಟ್ಟಿಗೆ ಆದೀತು, ಊರಿನ ಸಾಲದ ಕಂತಿಗೆ ಆಗದು. ಕಂತು ಕಟ್ಟಲೆಂದು ರಾತ್ರಿಪಾಳಿಗೆ ಹೋಗಿ ಪರೀಕ್ಷೆಯ ಒಂದೊಂದೇ ಅವಕಾಶ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಪದವಿಯ ನಂತರ ಉದ್ಯೋಗ ಹುಡುಕಲು 18 ತಿಂಗಳ ಅವಕಾಶ ಕೊಡುತ್ತಾರೆ. ಆದರೆ ವಾಹನ ಉದ್ಯಮ ಬಿಗಿಯಾಗಿದೆ: 2030ರೊಳಗೆ 35,000ಕ್ಕೂ ಹೆಚ್ಚು ಹುದ್ದೆ ಕಡಿತಗೊಳಿಸುವ ಒಪ್ಪಂದಕ್ಕೆ ಫೋಕ್ಸ್‌ವಾಗನ್ 2024ರ ಡಿಸೆಂಬರಿನಲ್ಲಿ ಬಂದಿತು. ಇಂಥ ಸಮಯದಲ್ಲಿ ಇಂಗ್ಲಿಷ್ ಮಾಧ್ಯಮದ ಕೋರ್ಸು ಓದಿಸೀತೇ ಹೊರತು ಕೆಲಸ ಕೊಡಿಸುವುದು ಕಷ್ಟ. ಈ ಕೊನೆಯ ವರ್ಷದಲ್ಲಿಯೇ ಜರ್ಮನ್ ಕಲಿಯಲು ಆರಂಭಿಸಿ, ಬಿ1 ಎಂಬ ಮಧ್ಯಮ ಹಂತವನ್ನು ಮುಗಿಸಿಕೊಂಡೇ ಬನ್ನಿ.

ಅರ್ಜಿಗೆ ಭಾರತೀಯರು 2022ರ ನವೆಂಬರಿನಿಂದ ಕಡ್ಡಾಯವಾಗಿರುವ ಎಪಿಎಸ್ ಪ್ರಮಾಣಪತ್ರ (ನಮ್ಮ ಅಂಕಪಟ್ಟಿ, ದಾಖಲೆಗಳು ಅಸಲಿಯೆಂದು ಪರಿಶೀಲಿಸಿ ಕೊಡುವ ಪತ್ರ) ಪಡೆಯಬೇಕು. ಅದು ಬರುವವರೆಗಿನ ಬಿಡುವಿನಲ್ಲಿ, ನಿಮ್ಮ ಪಟ್ಟಿಯಲ್ಲಿರುವ ಪ್ರತಿ ಕೋರ್ಸಿನ ಪರೀಕ್ಷಾ ನಿಯಮಾವಳಿಯನ್ನು ವಿಶ್ವವಿದ್ಯಾಲಯದ ಜಾಲತಾಣದಿಂದ ಇಳಿಸಿಕೊಂಡು, ಎಷ್ಟು ಅವಕಾಶ, ಯಾವ ಗಡುವು ಎಂಬುದನ್ನು ಬರೆದಿಟ್ಟುಕೊಳ್ಳಿ. ಕಾನೂನಿನ ಪ್ರಕಾರ ಸಾಮಾನ್ಯವಾಗಿ ಜರ್ಮನ್ ಪ್ರತಿಯೇ ಅಂತಿಮ. ಅರ್ಥವಾಗದ ಭಾಗವನ್ನು ನನಗೆ ಕಳುಹಿಸಿದರೆ ಓದಿ ತಿಳಿಸುತ್ತೇನೆ.